ಲೆಕ್ಕಕ್ಕುಂಟು, ಆಟಕ್ಕಿಲ್ಲ

ಬೀದಿಯಲ್ಲಿ ಆಡುವ ಮಕ್ಕಳ ಗುಂಪಿಗೆ ಪುಟ್ಟ ತಮ್ಮನೋ ತಂಗಿಯೋ ಬಂದು ಸೇರಿಕೊಂಡರೆ ದೊಡ್ಡ ಮಕ್ಕಳು ಅವರನ್ನು ಅಟ್ಟುತ್ತಿರಲಿಲ್ಲ. 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ಘೋಷಿಸಿ ಸೇರಿಸಿಕೊಳ್ಳುತ್ತಿದ್ದರು. ಆ ಮಗು ಎಲ್ಲರ ಜೊತೆ ಓಡಬಹುದು, ಕೂಗಬಹುದು, ಔಟಾದರೂ ಔಟಲ್ಲ. ಗೆಲುವು ಸೋಲಿನ ಲೆಕ್ಕ ಕೆಡದಂತೆ ಎಲ್ಲರಿಗೂ ಆಟ ಸಿಗುವಂತೆ ಮಾಡುವ ಈ ಉಪಾಯವನ್ನು ಮಕ್ಕಳಿಗೆ ಯಾವ ತರಬೇತಿ ಸಂಸ್ಥೆಯೂ ಕಲಿಸಿರಲಿಲ್ಲ. ನಮ್ಮ ಶಾಲೆಗಳು ಅಂಗವಿಕಲ ಮಕ್ಕಳ ವಿಷಯದಲ್ಲಿ ಈ ಮಾತನ್ನು ತಲೆಕೆಳಗು ಮಾಡಿಕೊಂಡಿವೆ. ದಾಖಲಾತಿ ವಹಿಯಲ್ಲಿ, ಹಾಜರಿಯಲ್ಲಿ, ಇಲಾಖೆಗೆ ಹೋಗುವ ಅಂಕಿಅಂಶದಲ್ಲಿ ಆ ಮಗು ಲೆಕ್ಕಕ್ಕುಂಟು. ಆಟದ ಪೀರಿಯಡ್ ಬಂದಾಗ ಮಾತ್ರ ಅದು ಆಟಕ್ಕಿಲ್ಲ.

ಸಾಮಾನ್ಯ ಶಾಲೆಯೊಂದರ ಮೈದಾನವನ್ನು ಗಮನಿಸಿದವರಿಗೆ ಈ ದೃಶ್ಯ ಹೊಸದಲ್ಲ. ಕಾಲಿಗೆ ಕ್ಯಾಲಿಪರ್ ಹಾಕಿಕೊಂಡ ಹುಡುಗ ಮರದ ಕೆಳಗೆ ಕುಳಿತು ಉಳಿದವರ ಚಪ್ಪಲಿ, ನೀರಿನ ಬಾಟಲಿ ಕಾಯುತ್ತಿರುತ್ತಾನೆ. ದೃಷ್ಟಿ ಮಂದವಾಗಿರುವ ಹುಡುಗಿಯನ್ನು ತರಗತಿಯಲ್ಲೇ ಉಳಿಸಿ ನೋಟ್ಸ್ ಬರೆದುಕೊಳ್ಳಲು ಹೇಳಲಾಗುತ್ತದೆ. ಸ್ವಲ್ಪ ಔದಾರ್ಯವುಳ್ಳ ಶಾಲೆಯಾದರೆ ಅಂಕ ಬರೆದುಕೊಳ್ಳುವ ಕೆಲಸ ಕೊಟ್ಟು, ಅದನ್ನೇ 'ಪಾಲ್ಗೊಳ್ಳುವಿಕೆ' ಎನ್ನುತ್ತಾರೆ. ಇದರಲ್ಲಿ ಕ್ರೌರ್ಯವೇನೂ ಇಲ್ಲ. ಐವತ್ತು ಅರವತ್ತು ಮಕ್ಕಳು, ಒಂದು ಪೀಪಿ, ನಲವತ್ತು ನಿಮಿಷ ಇರುವ ಡ್ರಿಲ್ ಮೇಷ್ಟರಿಗೆ ತೋಚುವ ದಾರಿ ಅದೊಂದೇ. ನಾವು ಈ ಮಕ್ಕಳನ್ನು ಅಂಗವಿಕಲರು ಎಂದೆವು, ವಿಕಲಚೇತನರು ಎಂದೆವು, ಈಗ ದಿವ್ಯಾಂಗರು ಎನ್ನುತ್ತಿದ್ದೇವೆ. ಮರದ ಕೆಳಗಿನ ಜಾಗ ಮಾತ್ರ ಬದಲಾಗಿಲ್ಲ.

ಕೂತುಬಿಟ್ಟರೆ ಏನು ನಷ್ಟ ಎಂದು ಕೇಳುವವರಿದ್ದಾರೆ. ನಷ್ಟ ಮೊದಲು ದೇಹಕ್ಕೆ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಸ್ನಾಯುಗಳು ಬೆಳೆಯುವ ವಯಸ್ಸಿನಲ್ಲಿ ಚಲನೆಯಿಲ್ಲದಿದ್ದರೆ ಇನ್ನಷ್ಟು ಬಿಗಿದುಕೊಳ್ಳುತ್ತವೆ. ಸದಾ ಕುಳಿತೇ ಇರುವ ಮಗುವಿನ ತೂಕ ಏರುತ್ತದೆ. ಏರಿದ ತೂಕವನ್ನು ಊರುಗೋಲಿನ ಮೇಲೆ ಹೊರಬೇಕಾದದ್ದು ಅದೇ ತೋಳುಗಳು. ಕಣ್ಣು ಕಾಣದ ಮಗುವಿನದು ಬೇರೆಯೇ ಕಷ್ಟ. ಯಾರದೋ ಕೈ ಹಿಡಿದು ಎಚ್ಚರಿಕೆಯ ಹೆಜ್ಜೆ ಹಾಕಿಯೇ ಬೆಳೆದ ಆ ಮಗು ಒಮ್ಮೆಯೂ ಪೂರ್ಣ ವೇಗದಲ್ಲಿ ಓಡದೆಯೇ ಶಾಲೆ ಮುಗಿಸಿಬಿಡಬಹುದು. ಏದುಸಿರು ಬಿಡುವಷ್ಟು ಓಡಿದ ನೆನಪೇ ಇಲ್ಲದ ಬಾಲ್ಯವನ್ನು ಊಹಿಸುವುದು ನಮಗೆ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ 5ರಿಂದ 17 ವರ್ಷದ ಅಂಗವಿಕಲ ಮಕ್ಕಳಿಗೂ ಉಳಿದವರಂತೆಯೇ ದಿನಕ್ಕೆ ಸರಾಸರಿ 60 ನಿಮಿಷಗಳ ಮೈಬೆವರುವ ಚಟುವಟಿಕೆ ಬೇಕೆಂದು ಹೇಳುತ್ತದೆ.

ಕಾನೂನಿನ ಕೊರತೆಯೂ ನಮಗಿಲ್ಲ. ಭಾರತ 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿಯಲ್ಲಿ, ಶಾಲಾ ವ್ಯವಸ್ಥೆಯೊಳಗೂ ಸೇರಿದಂತೆ, ಆಟದಲ್ಲಿ ಸಮಾನ ಅವಕಾಶವೆಂಬ ಮಾತಿದೆ. ಅದನ್ನನುಸರಿಸಿ ಬಂದ 2016ರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಪಟ್ಟಿಯನ್ನು ಏಳರಿಂದ ಇಪ್ಪತ್ತೊಂದಕ್ಕೆ ಹಿಗ್ಗಿಸಿತು; 16ನೇ ಕಲಮಿನಲ್ಲಿ ಶಿಕ್ಷಣದ ಜೊತೆಗೇ ಕ್ರೀಡೆ ಮತ್ತು ಮನರಂಜನೆಯ ಅವಕಾಶವನ್ನು ಶಾಲೆಗಳ ಹೊಣೆಯಾಗಿಸಿತು. 30ನೇ ಕಲಮು ಇನ್ನೂ ಮುಂದೆ ಹೋಗಿ, ಕ್ರೀಡಾ ಕಾರ್ಯಕ್ರಮಗಳನ್ನೇ ಮರುರೂಪಿಸಬೇಕು ಎನ್ನುತ್ತದೆ. ಅಮೆರಿಕ 1975ರಷ್ಟು ಹಿಂದೆಯೇ ಅಂಗವಿಕಲ ಮಕ್ಕಳ ಶಿಕ್ಷಣ ಕಾಯ್ದೆ ತಂದಾಗ, ವಿಶೇಷ ಶಿಕ್ಷಣದ ವ್ಯಾಖ್ಯೆಯೊಳಗೇ ದೈಹಿಕ ಶಿಕ್ಷಣವನ್ನು ಹೆಸರಿಟ್ಟು ಸೇರಿಸಿತ್ತು. ನಮ್ಮಲ್ಲಿ ಕಲಮಿದೆ, ಆದರೆ ಅದನ್ನು ಮೈದಾನಕ್ಕೆ ಇಳಿಸಬೇಕಾದವರು ಯಾರೆಂಬುದು ಸ್ಪಷ್ಟವಿಲ್ಲ.

ಈ ಅಸ್ಪಷ್ಟತೆಗೆ ಒಂದು ಮುಖ್ಯ ಕಾರಣ ಶಿಕ್ಷಕರ ತರಬೇತಿಯಲ್ಲೇ ಇದೆ. ವಿಶೇಷ ಶಿಕ್ಷಕರ ತರಬೇತಿ ಭಾರತೀಯ ಪುನರ್ವಸತಿ ಮಂಡಳಿಯ ಕೈಯಲ್ಲಿ. ದೈಹಿಕ ಶಿಕ್ಷಣದ ಪದವಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ ಕೈಯಲ್ಲಿ. ಒಬ್ಬರಿಗೆ ಮಗು ಗೊತ್ತು, ಆಟ ಗೊತ್ತಿಲ್ಲ. ಇನ್ನೊಬ್ಬರಿಗೆ ಆಟ ಗೊತ್ತು, ಮಗು ಗೊತ್ತಿಲ್ಲ. ಬ್ಲಾಕ್ ಮಟ್ಟದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ, ನಿಜ. ಅವರು ಹತ್ತಾರು ಶಾಲೆ ಸುತ್ತಬೇಕು, ಓದು-ಬರಹ, ಪ್ರಮಾಣಪತ್ರ, ಸಲಕರಣೆ ವಿತರಣೆ ಎಲ್ಲವನ್ನೂ ನೋಡಬೇಕು. ಮೈದಾನ ಅವರ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಾದರೂ ಹಿರಿಯ ಪ್ರಾಥಮಿಕದಲ್ಲಿ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದಲ್ಲಿ ಮಾತ್ರ, ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕೇಳುತ್ತದೆ. ವಿಪರ್ಯಾಸವೆಂದರೆ, ಅಂಗವಿಕಲ ಮಕ್ಕಳ ಕ್ರೀಡೆ ಸಿಬಿಎಸ್‌ಇ ಉನ್ನತ ತರಗತಿಗಳ ದೈಹಿಕ ಶಿಕ್ಷಣದ ಪಠ್ಯದಲ್ಲಿ ಪರೀಕ್ಷೆಗೆ ಬರುವ ವಿಷಯವಾಗಿದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಉತ್ತರ ಬರೆಯುತ್ತಾರೆ.

ಆಟವನ್ನು ಮಗುವಿಗೆ ಹೊಂದಿಸುವುದೆಂದರೆ ಏನು? ಇದಕ್ಕೆ ಅಂಧರ ಕ್ರಿಕೆಟ್ಟಿಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗೆ ಲೋಹದ ಗುಂಡುಗಳಿರುವುದರಿಂದ ಉರುಳಿದಾಗ ಸದ್ದು ಮಾಡುತ್ತದೆ. ಬೌಲರ್ 'ರೆಡಿ' ಎಂದು ಕೇಳಿ, ಬ್ಯಾಟುದಾರ 'ಯೆಸ್' ಎಂದ ಮೇಲೆ 'ಪ್ಲೇ' ಎಂದು ಕೂಗಿ, ಕೈಯನ್ನು ಭುಜಕ್ಕಿಂತ ಕೆಳಗಿಟ್ಟೇ ಎಸೆಯಬೇಕು. ಚೆಂಡು ಪಿಚ್ಚಿನ ಅರ್ಧ ದಾಟುವ ಮೊದಲೇ ನೆಲ ಮುಟ್ಟಬೇಕು. ಕಿವಿಗೆ ಸುಳಿವು ಸಿಗಲು ಅಷ್ಟು ಅಗತ್ಯ. ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಲೇಬೇಕು. ಪೂರ್ಣ ಅಂಧ ಆಟಗಾರ ಗಳಿಸಿದ ಒಂದು ರನ್ ತಂಡಕ್ಕೆ ಎರಡಾಗಿ ಸೇರುತ್ತದೆ. ಒಂದು ಪುಟಿತದ ನಂತರ ಅವನು ಹಿಡಿದರೂ ಅದು ಕ್ಯಾಚ್. ಈ ನಿಯಮಗಳಲ್ಲಿ ಕನಿಕರದ ಲವಲೇಶವಿಲ್ಲ. ಔಟಾದವನು ಔಟೇ, ಸೋತ ತಂಡ ಸೋತದ್ದೇ. ಪೂರ್ಣ ಅಂಧನನ್ನು ತಂಡಕ್ಕೆ ಹೊರೆಯಾಗಿಸುವ ಬದಲು, ಅವನಿಲ್ಲದೆ ತಂಡ ಗೆಲ್ಲದಂತೆ ನಿಯಮ ಹೆಣೆದಿದ್ದಾರೆ.

ಇಂಥ ಜಾಣ್ಮೆ ಪರದೇಶದ್ದೇನಲ್ಲ. ಕುಂಟೆಬಿಲ್ಲೆಯಲ್ಲಿ ಎರಡು ಕಾಲಿದ್ದವರೂ ಒಂದೇ ಕಾಲಿನಲ್ಲಿ ಆಡಬೇಕು. ಕಣ್ಣಾಮುಚ್ಚಾಲೆಯಲ್ಲಿ ಕಣ್ಣಿದ್ದವನೂ ಕಣ್ಣು ಮುಚ್ಚಿಕೊಳ್ಳಬೇಕು. ಆಟವೆಂದರೆ ನಾವೇ ಹಾಕಿಕೊಂಡ ಅಡಚಣೆಗಳ ಇನ್ನೊಂದು ಹೆಸರು. ಹಾಗಿದ್ದ ಮೇಲೆ ಅಡಚಣೆಯನ್ನು ಇನ್ನೊಂದು ರೀತಿಯಲ್ಲಿ ಜೋಡಿಸಲು ಏಕೆ ಹಿಂಜರಿಯಬೇಕು? ಚೆಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಸದ್ದು ಮಾಡುವ ಚೆಂಡು ಸಿದ್ಧ. ಪೀಪಿಯ ಜೊತೆ ಬಣ್ಣದ ಬಾವುಟ ಬೀಸಿದರೆ ಕಿವಿ ಕೇಳದ ಮಗು ಎಲ್ಲರೊಂದಿಗೇ ಓಟ ಶುರು ಮಾಡುತ್ತದೆ. ಸುಣ್ಣದ ಗೆರೆಯ ಕೆಳಗೆ ದಪ್ಪ ಹಗ್ಗ ಎಳೆದರೆ ಕಾಲಿಗೆ ಗೆರೆ ತಿಳಿಯುತ್ತದೆ. ವಾರಕ್ಕೊಮ್ಮೆ ಬಲೆಯನ್ನು ತಗ್ಗಿಸಿ ಇಡೀ ತರಗತಿಯೇ ನೆಲದ ಮೇಲೆ ಕುಳಿತು ವಾಲಿಬಾಲ್ ಆಡಬಹುದು. ಕಾಲಿನ ಬಲವಿಲ್ಲದೆ ತೋಳಿನಿಂದಲೇ ಓಡಾಡಿ ಅಭ್ಯಾಸವಾದ ಹುಡುಗ ಅಲ್ಲಿ ನಾಯಕನಾದರೆ ಆಶ್ಚರ್ಯವಿಲ್ಲ. ಖರ್ಚಿನ ಬಾಬತ್ತು ಎಂದರೆ ಗಾಲಿಕುರ್ಚಿಯ ಚಕ್ರ ಹೂತುಹೋಗದ ಗಟ್ಟಿ ನೆಲ. ಬಹಳಷ್ಟು ಶಾಲೆಗಳಲ್ಲಿ ಮೈದಾನವೇ ಇಲ್ಲವೆಂಬ ಮಾತನ್ನು ಇಲ್ಲಿ ಬೆಳೆಸುವುದಿಲ್ಲ.

ಇಲ್ಲೊಂದು ಮುಜುಗರದ ಸಂಗತಿಯನ್ನು ಹೇಳಬೇಕು. 2012ರಲ್ಲಿ ಬೆಂಗಳೂರಿನಲ್ಲೇ ನಡೆದ ಅಂಧರ ಮೊದಲ ಟಿ20 ವಿಶ್ವಕಪ್ಪನ್ನು ಭಾರತಕ್ಕೆ ಗೆದ್ದುಕೊಟ್ಟ ನಾಯಕ ಶೇಖರ್ ನಾಯ್ಕ್ ಕ್ರಿಕೆಟ್ ಕಲಿತದ್ದು ಶಿವಮೊಗ್ಗದ ಅಂಧರ ಶಾಲೆಯಲ್ಲಿ. ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 2018ರಲ್ಲೂ 2023ರಲ್ಲೂ 1500 ಮೀಟರ್ ಓಟದ ಚಿನ್ನ ಗೆದ್ದ ರಕ್ಷಿತಾ ರಾಜು ಓಟಕ್ಕೆ ಬಂದದ್ದು ಚಿಕ್ಕಮಗಳೂರಿನ ಆಶಾಕಿರಣ ಅಂಧರ ಶಾಲೆಯಿಂದ. ವಿಶೇಷ ಶಾಲೆಗಳು ಮಕ್ಕಳನ್ನು ಸಮಾಜದಿಂದ ಬೇರ್ಪಡಿಸುತ್ತವೆ ಎಂಬ ಟೀಕೆ ಸರಿಯೇ. ಆದರೆ ಅಲ್ಲಿ ಆಟವಿತ್ತು. ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸಿ ಸಮನ್ವಯ ಸಾಧಿಸಿದೆವೆಂದು ಬೀಗುವಾಗ, ಅವರು ಅಲ್ಲಿ ಆಡುತ್ತಿದ್ದ ಆಟವನ್ನು ಇಲ್ಲಿಗೆ ತಂದೆವೇ ಎಂದು ಯಾರೂ ಕೇಳಲಿಲ್ಲ. ಪ್ಯಾರಿಸ್ಸಿನ 2024ರ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತ 29 ಪದಕ ಗೆದ್ದಿತು. ಆ ಸಂಭ್ರಮದಲ್ಲಿ ಸಾಮಾನ್ಯ ಶಾಲೆಯ ಆಟದ ಪೀರಿಯಡ್‌ಗೆ ಸಲ್ಲಬೇಕಾದ ಪಾಲು ಎಷ್ಟೆಂದು ಲೆಕ್ಕ ಹಾಕಿದರೆ ಸಂಕೋಚವಾಗುತ್ತದೆ.

ಪೆಟ್ಟಾದರೆ ಹೊಣೆ ಯಾರು ಎಂಬ ಆತಂಕವನ್ನು ತಳ್ಳಿಹಾಕುವಂತಿಲ್ಲ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಕತ್ತಿನ ಮೇಲ್ಭಾಗದ ಮೂಳೆಗಳ ಕೀಲು ಸಡಿಲವಾಗಿರುತ್ತದೆ. ಅವರಿಂದ ಲಾಗ ಹಾಕಿಸುವುದು ಅಪಾಯ. ಸ್ನಾಯುಕ್ಷಯದ ಮಗುವನ್ನು ದಣಿಯುವವರೆಗೆ ಓಡಿಸಬಾರದು. ತೀವ್ರ ಸಮೀಪದೃಷ್ಟಿಯುಳ್ಳ ಮಗುವಿನ ತಲೆಗೆ ಪೆಟ್ಟು ಬಿದ್ದರೆ ಅಕ್ಷಿಪಟಲ ಕಳಚಿಕೊಳ್ಳಬಹುದು. ಇವನ್ನು ತಿಳಿಯದೆ ಉತ್ಸಾಹ ತೋರುವುದಕ್ಕಿಂತ ಮರದ ನೆರಳೇ ಲೇಸು. ಆದರೆ ಇಂದು ಪೋಷಕರು ತರುವ ವೈದ್ಯಕೀಯ ಪ್ರಮಾಣಪತ್ರ ಒಂದೇ ಸಾಲಿನದು: ದೈಹಿಕ ಶಿಕ್ಷಣದಿಂದ ವಿನಾಯಿತಿ ನೀಡುವುದು. ಮಗು ಏನು ಮಾಡಬಾರದು, ಏನು ಮಾಡಬಹುದು, ಏನನ್ನು ಮಾಡಲೇಬೇಕು ಎಂದು ವೈದ್ಯರು ಮೂರು ಸಾಲು ಬರೆದರೆ ಅದೇ ಪತ್ರ ಮೇಷ್ಟರ ಕೈಯಲ್ಲಿ ಪಾಠಯೋಜನೆಯಾಗುತ್ತದೆ. ತಾಯ್ತಂದೆಯರೂ ಅದನ್ನೇ ಕೇಳಿ ಪಡೆಯಬೇಕು. ಬಿದ್ದರೆ ಏನು ಗತಿ ಎಂದು ಹೆದರಿ ವಿನಾಯಿತಿ ಬೇಡುವವರಲ್ಲಿ ಮೊದಲಿಗರು ಎಷ್ಟೋ ಸಲ ಅವರೇ.

ಇನ್ನೊಂದು ಅಡ್ಡಿ ಬಹುಮಾನದ ಹುಚ್ಚು. ದೈಹಿಕ ಶಿಕ್ಷಕರ ಯೋಗ್ಯತೆಯನ್ನು ವಲಯ ಮಟ್ಟ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಶಾಲೆಗೆ ಬಂದ ಕಪ್ಪುಗಳಿಂದ ಅಳೆಯುವವರೆಗೆ ಅವರ ಗಮನ ಚುರುಕಾದ ಹತ್ತು ಮಕ್ಕಳ ಮೇಲೆಯೇ ಇರುತ್ತದೆ. ಅಂಗವಿಕಲ ಮಗುವಷ್ಟೇ ಅಲ್ಲ, ದಪ್ಪಗಿರುವವನು, ನಾಚಿಕೆಯವಳು, ಆಟದಲ್ಲಿ ಹಿಂದುಳಿದ ಎಲ್ಲರೂ ಹೀಗೆ ಮೈದಾನದ ಅಂಚಿಗೆ ಸರಿಯುತ್ತಾರೆ. ಶಾಲಾ ತಪಾಸಣೆಗೆ ಬರುವ ಅಧಿಕಾರಿ ಕಪಾಟಿನಲ್ಲಿರುವ ಕಪ್ಪುಗಳನ್ನು ನೋಡುವ ಬದಲು, ಕಳೆದ ವಾರದ ಆಟದ ಪೀರಿಯಡ್‌ನಲ್ಲಿ ಕುಳಿತೇ ಇದ್ದವರು ಎಷ್ಟು ಜನ ಎಂದು ಕೇಳಬಹುದು. ದೈಹಿಕ ಶಿಕ್ಷಣ ಪದವಿಯ ವಿದ್ಯಾರ್ಥಿಗಳು ಹೇಗೂ ಶಾಲೆಗಳಿಗೆ ಹೋಗಿ ಅಭ್ಯಾಸ ಪಾಠ ನಡೆಸಬೇಕು. ಅವುಗಳಲ್ಲಿ ಕೆಲವನ್ನಾದರೂ ಕಣ್ಣು ಕಾಣದ, ಕಿವಿ ಕೇಳದ, ಗಾಲಿಕುರ್ಚಿಯಲ್ಲಿರುವ ಮಕ್ಕಳಿರುವ ತರಗತಿಯಲ್ಲೇ ನಡೆಸಬೇಕೆಂದು ವಿಶ್ವವಿದ್ಯಾಲಯಗಳು ನಿಯಮ ಮಾಡಲು ಹೊಸ ಕಾಯ್ದೆ ಬೇಕಿಲ್ಲ. ಅಧ್ಯಯನ ಮಂಡಳಿಯ ಒಂದು ಸಭೆ ಸಾಕು.