ಹೆಣ್ಣುಮಕ್ಕಳ ಕಣ್ಣಲ್ಲಿ ನಾಯಕತ್ವ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹೆಣ್ಣುಮಕ್ಕಳು ಹತ್ತಿರದಿಂದ ಕಾಣಬಹುದಾದ ನಾಯಕತ್ವವೆಂದರೆ ಗ್ರಾಮ ಪಂಚಾಯಿತಿ. ಕರ್ನಾಟಕದಲ್ಲಿ 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲಾಗಿತ್ತು. 2010ರಿಂದ ಅದು ಶೇ. 50.

ಇದರಿಂದ ಹುಡುಗಿಯರ ಮನಸ್ಸು ಬದಲಾಗುತ್ತದೆಯೇ? ಪಶ್ಚಿಮ ಬಂಗಾಳದ ಹಳ್ಳಿಗಳ ಕುರಿತು 2012ರಲ್ಲಿ ಪ್ರಕಟವಾದ ಅಧ್ಯಯನ ಹೌದೆನ್ನುತ್ತದೆ. ಎರಡು ಅವಧಿಗೆ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಗಿದ್ದ ಕಡೆ, ಹದಿಹರೆಯದ ಹುಡುಗ ಹುಡುಗಿಯರ ಆಸೆಗಳ ನಡುವಿನ ಅಂತರ ಶೇ. 32ರಷ್ಟು ತಗ್ಗಿತ್ತು, ಓದಿನ ಅಂತರ ಅಳಿದೇ ಹೋಗಿತ್ತು.

ಆದರೆ ಅಧ್ಯಕ್ಷೆಯ ಕುರ್ಚಿಯಲ್ಲಿ ಗಂಡ ಕುಳಿತರೆ ಹುಡುಗಿ ಕಲಿಯುವ ಪಾಠವೇ ಬೇರೆ: ಹೆಸರು ಹೆಣ್ಣಿನದು, ಮಾತು ಗಂಡಿನದು. ಚುನಾವಣೆಗೆ ನಿಲ್ಲಲು 21 ವರ್ಷವಾಗಬೇಕು. ಅದಕ್ಕೆ ಮುಂಚೆಯೇ ಶಾಲೆ ಬಿಡಿಸಿ ಮದುವೆ ಮಾಡಿದರೆ ಆಸೆ ಅಲ್ಲೇ ಮುರುಟುತ್ತದೆ. ಮಕ್ಕಳ ಗ್ರಾಮಸಭೆಯಲ್ಲಿ ಬಸ್ಸು, ಶೌಚಾಲಯ ಬೇಕೆಂದು ಎದ್ದು ನಿಲ್ಲುವ ಹುಡುಗಿಯ ಮಾತನ್ನು ನಾವು ಪೂರ್ತಿ ಕೇಳೋಣ. ನಾಯಕತ್ವದ ಮೊದಲ ಅಭ್ಯಾಸ ಅದೇ.