ಕಡಿಮೆ ಬೆಲೆಯ ಕ್ಯಾಮೆರಾ: ಎಣಿಕೆಗಿಂತ ಅಳತೆ ಮುಖ್ಯ

ಉಡುಮಲೈಪೇಟೆಯ ಹವ್ಯಾಸಿ ಛಾಯಾಗ್ರಾಹಕನಿಗೆ ವಸ್ತುವಿನ ಕೊರತೆಯಿಲ್ಲ. ತಿರುಮೂರ್ತಿ ಬೆಟ್ಟ, ಅಮರಾವತಿ ಅಣೆಕಟ್ಟಿನ ಬಳಿಯ ಮೊಸಳೆಗಳು, ಬಯಲಿನ ಗಾಳಿಯಂತ್ರಗಳು, ಮನೆಯಲ್ಲೇ ಮಗ್ಗದ ಮುಂದೆ ಕುಳಿತ ಅಜ್ಜ. ಕೊರತೆಯಿರುವುದು ಹಣದ್ದು; ಆದುದರಿಂದಲೇ ಆಯ್ಕೆಯಲ್ಲಿ ಎಡವುವಂತಿಲ್ಲ.

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ಮೆಗಾಪಿಕ್ಸೆಲ್ ಎಣಿಕೆ. 12 ಮೆಗಾಪಿಕ್ಸೆಲ್ ಚಿತ್ರವನ್ನು 13 ಅಂಗುಲ ಅಗಲಕ್ಕೆ ಸ್ಫುಟವಾಗಿ ಮುದ್ರಿಸಬಹುದು. ಮನೆಯ ಗೋಡೆಗೆ ಅಷ್ಟು ಧಾರಾಳ. ವಿಚಾರಿಸಬೇಕಾದುದು ಬೆಳಕನ್ನು ಹಿಡಿಯುವ ಸಂವೇದಕದ ಅಳತೆ. ಅಗ್ಗದ ಪುಟ್ಟ ಕ್ಯಾಮೆರಾಗಳಲ್ಲಿ ಅದರ ಅಗಲ ಸಾಮಾನ್ಯವಾಗಿ 6 ಮಿಲಿಮೀಟರ್. 2010ರಲ್ಲಿ ಬಂದ ನಿಕಾನ್ ಡಿ3100ರಲ್ಲಿ 23. ಮಗ್ಗದ ಕೋಣೆಯ ಮಂದ ಬೆಳಕಿನಲ್ಲಿ ಅಜ್ಜನ ಮುಖ ಕಾಳುಕಾಳಾಗದೆ ಮೂಡುವುದು ಈ ವ್ಯತ್ಯಾಸದಿಂದ. ಮಾದರಿ ಹಳೆಯದಾದುದರಿಂದ, ಬಳಸಿದ್ದು ಹೊಸತಕ್ಕಿಂತ ಬಹಳ ಕಡಿಮೆ ಬೆಲೆಗೆ ಸಿಕ್ಕೀತು.

ಆದರೆ ಅದರ ಒಡಲಿನಲ್ಲಿ ಫೋಕಸ್ ಮೋಟಾರ್ ಇಲ್ಲ. 50 ಮಿಲಿಮೀಟರ್ ಮಸೂರ ಕೊಳ್ಳುವವರು ‘ಎಎಫ್-ಎಸ್’ ಗುರುತಿನದನ್ನೇ ಕೇಳಬೇಕು. ಇನ್ನೂ ಅಗ್ಗದ ಹಳೆಯ ‘ಡಿ’ ಮಸೂರವನ್ನು ಕೈಯಿಂದಲೇ ತಿರುಗಿಸಬೇಕಾಗುತ್ತದೆ. ಬಿಸಿಲು ಕಾಯುವ ಮೊಸಳೆಗೆ ಅದು ನಡೆದೀತು, ಓಡುವ ಮಗುವಿಗೆ ನಡೆಯದು.

ಕೊಳ್ಳುವ ಮೊದಲು ಮಸೂರವನ್ನು ಬೆಳಕಿಗೆ ಹಿಡಿದು ಒಳಗೆ ಬೂಷ್ಟು ಇದೆಯೇ ನೋಡಬೇಕು. ಶಟರ್ ಎಷ್ಟು ಬಾರಿ ತೆರೆದಿದೆಯೆಂಬ ಲೆಕ್ಕ ಚಿತ್ರದ ಕಡತದಲ್ಲೇ ಇರುತ್ತದೆ. ಅಲ್ಲಿಯೇ ಒಂದು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಅದನ್ನು ಓದಿಸಿ, ಬಳಿಕ ಹಣ ಎಣಿಸುವುದು ಲೇಸು.