ಹಳೆಯ ಹೆದ್ದಾರಿ, ಹೊಸ ವಿಹಾರಪಥ: ಕೊಲಂಬಿಯಾ ಕಣಿವೆಯ ಒಂದು ನಿದರ್ಶನ

ಕೋಟೆ, ದೇಗುಲ, ಅರಮನೆಗಳನ್ನು ಐತಿಹಾಸಿಕ ಸ್ಮಾರಕಗಳೆಂದು ಎಲ್ಲರೂ ಒಪ್ಪುವರು. ರಸ್ತೆಯನ್ನು ಹಾಗೆ ಭಾವಿಸುವವರು ವಿರಳ. ರಸ್ತೆಯ ಬಾಳು ಅದರ ಬಳಕೆಯಲ್ಲಿದೆ. ಬಳಕೆ ತಪ್ಪಿದ ರಸ್ತೆಯನ್ನು ಉಳಿಸುವುದೆಂತು? ಅಮೆರಿಕದ ಆರಿಗನ್ ಸಂಸ್ಥಾನದ ಕೊಲಂಬಿಯಾ ನದೀ ಹೆದ್ದಾರಿಯ ಇತಿಹಾಸವು ಈ ಪ್ರಶ್ನೆಯನ್ನು ವಿಶದಪಡಿಸುತ್ತದೆ.

1913ರಿಂದ 1922ರವರೆಗೆ ನಿರ್ಮಿತವಾದ ಈ ಹೆದ್ದಾರಿಯು ಟ್ರೌಟ್‌ಡೇಲಿನಿಂದ ದಿ ಡಾಲ್ಸ್ ಪಟ್ಟಣದವರೆಗೆ ಸುಮಾರು 73 ಮೈಲಿ ಉದ್ದವಿತ್ತು. ಸ್ಯಾಮ್ಯುಯಲ್ ಹಿಲ್ ಇದರ ಮುಖ್ಯ ಪ್ರವರ್ತಕ; ಮಾರ್ಗಕ್ಕೆ ರೂಪುಕೊಟ್ಟವನು ಇಂಜಿನಿಯರ್ ಸ್ಯಾಮ್ಯುಯಲ್ ಲ್ಯಾಂಕಾಸ್ಟರ್. ಇಬ್ಬರೂ ಯೂರೋಪಿನ ಗಿರಿಮಾರ್ಗಗಳನ್ನು ಕಂಡು ಬಂದವರು. ಊರು ಸೇರಿಸುವುದಷ್ಟೇ ಅಲ್ಲದೆ, ಜಲಪಾತಗಳನ್ನೂ ಕಣಿವೆಯ ಚೆಲುವನ್ನೂ ಪ್ರಯಾಣಿಕನಿಗೆ ತೋರುವುದು ಈ ರಸ್ತೆಯ ಉದ್ದೇಶವಾಗಿತ್ತು. ಅಂದಿನ ದುರ್ಬಲ ಮೋಟಾರುಗಳು ಸುಲಭವಾಗಿ ಏರುವಂತೆ, ನೂರು ಅಡಿ ದೂರಕ್ಕೆ ಐದು ಅಡಿಗಿಂತ ಹೆಚ್ಚು ಏರಿಕೆ ಇರಬಾರದೆಂದು ನಿಯಮ ಮಾಡಲಾಯಿತು.

ಕೆಲವೇ ದಶಕಗಳಲ್ಲಿ ವೇಗವೇ ಪ್ರಧಾನವಾಯಿತು. ನದಿಯ ಮಟ್ಟದಲ್ಲಿ ಅಗಲವಾದ ಹೊಸ ಹೆದ್ದಾರಿ ಬಂದು, ಹಳೆಯ ರಸ್ತೆ ತುಂಡುತುಂಡಾಯಿತು. ಐದು ಗವಾಕ್ಷಗಳಿಂದ ಪ್ರಸಿದ್ಧವಾಗಿದ್ದ 1915ರ ಮಿಚೆಲ್ ಪಾಯಿಂಟ್ ಸುರಂಗವನ್ನು 1953ರಲ್ಲಿ ಮುಚ್ಚಿ, 1966ರಲ್ಲಿ ನಾಶಗೊಳಿಸಿದರು. ಮೋಸಿಯರ್ ಊರಿನ ಬಳಿಯ ಜೋಡಿಸುರಂಗಗಳನ್ನು ಕಲ್ಲುಮಣ್ಣಿನಿಂದ ತುಂಬಿಬಿಟ್ಟರು.

1986ರಲ್ಲಿ ಕಣಿವೆಯ ರಕ್ಷಣೆಗಾಗಿ ರಾಷ್ಟ್ರೀಯ ಶಾಸನವೊಂದು ಜಾರಿಗೆ ಬಂದು, ಹಳೆಯ ಹೆದ್ದಾರಿಯ ಪುನರುದ್ಧಾರಕ್ಕೂ ಅದರಲ್ಲಿ ಅವಕಾಶವಾಯಿತು. ಅನುಸರಿಸಿದ ಕ್ರಮ ಹೀಗಿದೆ: ವಾಹನಸಂಚಾರವಿರುವ ಭಾಗಗಳನ್ನು ಹಾಗೆಯೇ ಉಳಿಸಿಕೊಳ್ಳುವುದು, ತೊರೆದುಹೋದ ಭಾಗಗಳನ್ನು ದುರಸ್ತಿಗೊಳಿಸಿ, ಮೋಟಾರುಗಳನ್ನು ನಿಷೇಧಿಸಿ, ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ಬಿಟ್ಟುಕೊಡುವುದು, ಪೂರ್ಣವಾಗಿ ಅಳಿದೆಡೆಯಲ್ಲಿ ಹೊಸ ಪಥವನ್ನು ನಿರ್ಮಿಸಿ ಕೊಂಡಿ ಬೆಸೆಯುವುದು. ಅಂದು ಮೋಟಾರಿಗಾಗಿ ವಿಧಿಸಿದ ಮಂದವಾದ ಏರಿಕೆಯು ಇಂದು ಗಾಲಿಕುರ್ಚಿಯವರಿಗೂ ಅನುಕೂಲವಾಗಿ ಪರಿಣಮಿಸಿರುವುದು ಗಮನಾರ್ಹವಾಗಿದೆ.

ಮೋಸಿಯರ್ ಸುರಂಗಗಳಲ್ಲಿ ತುಂಬಿದ್ದ ಕಲ್ಲುಮಣ್ಣನ್ನು ತೆಗೆದು, 2000ದಲ್ಲಿ ವಿಹಾರಪಥವಾಗಿ ತೆರೆಯಲಾಯಿತು. 1921ರ ನವೆಂಬರಿನಲ್ಲಿ ಹಿಮಪಾತಕ್ಕೆ ಸಿಕ್ಕಿ ಅಲ್ಲಿ ತಡೆದು ನಿಂತ ಪ್ರಯಾಣಿಕರು ಬಂಡೆಯಲ್ಲಿ ಕೆತ್ತಿದ ಹೆಸರು, ದಿನಾಂಕಗಳನ್ನು ಇಂದಿಗೂ ಓದಬಹುದು. ಇದೂ ಒಂದು ಪುಟ್ಟ ಶಿಲಾಶಾಸನವೇ ಸರಿ. ಮಿಚೆಲ್ ಪಾಯಿಂಟಿನಲ್ಲಾದರೋ ಉದ್ಧರಿಸಲು ಮೂಲವೇ ಉಳಿದಿರಲಿಲ್ಲ. ಬಂಡೆಯನ್ನು ಹೊಸದಾಗಿ ಕೊರೆದು, ಮತ್ತೆ ಐದು ಗವಾಕ್ಷಗಳನ್ನಿರಿಸಿ ನಿರ್ಮಿಸಿದ ಸುರಂಗವು 2025ರಲ್ಲಿ ಜನರಿಗೆ ತೆರೆಯಿತು.

ಇವೆರಡರ ಭೇದವನ್ನು ಇತಿಹಾಸಾಭ್ಯಾಸಿಯು ಮರೆಯಲಾಗದು. ಮೊದಲನೆಯದು ಮೂಲಪತ್ರ, ಎರಡನೆಯದು ಸ್ಮರಣೆಯಿಂದ ಬರೆದ ಪ್ರತಿ. ಪ್ರತಿ ಎಷ್ಟೇ ಸುಂದರವಾಗಿದ್ದರೂ ಮೂಲದಲ್ಲಿದ್ದ ಉಳಿಯ ಗುರುತನ್ನಾಗಲಿ, ಪಥಿಕನ ಕೈಬರಹವನ್ನಾಗಲಿ ಹಿಂದಿರುಗಿಸಲಾರದು. ಆದರೂ ಅದು ನಿಷ್ಪ್ರಯೋಜಕವಲ್ಲ. ನಿಧಾನವಾಗಿ ನಡೆದು, ನಿಂತು, ನದಿಯನ್ನು ನೋಡುವ ಹಳೆಯ ಆಶಯವನ್ನು ಅದು ಮರಳಿ ಕೊಟ್ಟಿದೆ. ಆದಕಾರಣ ಇಂತಹ ಕಾರ್ಯದಲ್ಲಿ ತೊಡಗುವವರು ಉಳಿದುದನ್ನು ಮೊದಲು ಕಾಪಾಡತಕ್ಕದ್ದು. ಅಳಿದುದನ್ನು ಕಟ್ಟುವಾಗ ಹೊಸದೆಂಬುದನ್ನು ಮರೆಮಾಚದಿರತಕ್ಕದ್ದು. ಮುಚ್ಚಿದುದನ್ನು ಮತ್ತೆ ತೆರೆಯಬಹುದು. ಒಡೆದುದನ್ನು ಮತ್ತೆ ಪಡೆಯಲಾಗದು.